ಸೈಡ್‌ವಿಂಗಿನಲ್ಲಿ ಕುಣಿದವರು

ಆ ಚಿತ್ರವನ್ನು ಅವರು ಯಾವತ್ತೂ ಕೂತು ನೋಡಿದವರಲ್ಲ. ಸೋಫಾದ ಹಿಂದೆ ನಿಂತು, ಅದರ ಬೆನ್ನಿನ ಮೇಲೆ ಎರಡೂ ಅಂಗೈ ಊರಿ, ಸೀಟು ಸಿಗದೆ ಬಸ್ಸಿನಲ್ಲಿ ನಿಂತವರ ಹಾಗೆ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಕುಣಿತ ಶುರುವಾಯಿತೆಂದರೆ ಅಷ್ಟೂ ಆಗುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ನೀರು ಕುಡಿದು ಬರುವುದು, ಕಿಟಕಿಯ ಬ್ಲೈಂಡ್ಸ್ ಎಳೆಯುವುದು, ಮತ್ತೆ ಬಂದು ನಿಲ್ಲುವುದು. ಎಷ್ಟು ಸಲ ನೋಡಿದ್ದರೋ ಅವರಿಗೇ ಗೊತ್ತಿರಲಿಲ್ಲ. ಆದರೂ ಮುಂದೇನಾಗುತ್ತದೋ ಎಂಬ ಆತಂಕ ಪ್ರತಿ ಸಲವೂ ಅವರ ಕಾಲಿನಲ್ಲಿ ಕಾಣುತ್ತಿತ್ತು.

ಅದು ಸಾವಿರದ ಒಂಬೈನೂರ ಮೂವತ್ತರ ದಶಕದ ಕಪ್ಪುಬಿಳುಪು ಚಿತ್ರ. ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ, ಜನ ಕೆಲಸವಿಲ್ಲದೆ ಬ್ರೆಡ್ಡಿಗಾಗಿ ಸಾಲು ನಿಂತಿದ್ದ ಕಾಲದ್ದು. ಕತೆಯೆಲ್ಲ ನಡೆಯುವುದು ರಂಗದ ಹಿಂದೆ. ಕಾಯಿಲೆ ಬಿದ್ದ ನಿರ್ದೇಶಕನೊಬ್ಬ ಕೊನೆಯದೊಂದು ಸಂಗೀತ ನಾಟಕ ಕಟ್ಟಲು ಹೊರಡುತ್ತಾನೆ. ಮೇಳದ ಹುಡುಗಿಯರು ಕಾಲು ಬೊಬ್ಬೆ ಬರುವ ತನಕ ತಾಲೀಮು ಮಾಡುತ್ತಾರೆ. ಇನ್ನೇನು ಪ್ರದರ್ಶನ ಎನ್ನುವಾಗ ನಾಯಕಿಯ ಕಾಲಿಗೆ ಪೆಟ್ಟಾಗಿ, ಮೇಳದಲ್ಲಿದ್ದ ಒಬ್ಬಳು ಅವಳ ಜಾಗಕ್ಕೆ ಬಂದು ಗೆಲ್ಲುತ್ತಾಳೆ. ಇಷ್ಟೇ ಕತೆ. ಇದರ ಹಿಂದೆ ಬಿದ್ದು ಒಬ್ಬ ಮನುಷ್ಯ ಅರ್ಧ ಆಯುಷ್ಯ, ಷೂ ಅಡಿಯ ತಗಡಿನಿಂದ ನೆಲ ತಟ್ಟಿ ಕುಣಿಯುವ ಟ್ಯಾಪ್ ಡಾನ್ಸ್ ಮಾಡಿದ, ಅದೂ ಗದಗ-ಬೆಟಗೇರಿಯ ನೇಕಾರರ ಮನೆಯವನು ಎಂದರೆ ಹೊಸಬರು ನಗುತ್ತಿದ್ದರು. ಮೊದಲು ನಾನೂ ನಕ್ಕಿದ್ದೆ.

ಹೋದ ತಿಂಗಳು ಅವರ ಮಗಳು ಅನು ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಿಂದ ಫೋನ್ ಮಾಡಿ, ಅಪ್ಪ ಹೋದರು ಎಂದಳು. ನಾನು ಆಗಷ್ಟೇ ಕೆರೊಲಿನಾದ ಷಾರ್ಲೆಟ್‌ನ ಆಫೀಸಿನ ಪಾರ್ಕಿಂಗ್ ಡೆಕ್ಕಿನಲ್ಲಿ ಕಾರು ನಿಲ್ಲಿಸಿದ್ದೆ. ಲಿಫ್ಟಿನ ಕಡೆ ಹೋಗಲಾಗಲಿಲ್ಲ. ಕಾರುಗಳು ಹತ್ತಿ ಬರುವ ಇಳಿಜಾರಿನಲ್ಲೇ ಕೆಳಗಿನ ತನಕ ನಡೆದೆ, ಮತ್ತೆ ಮೇಲೆ ಬಂದೆ. ಆವತ್ತಿನಿಂದ ಒಂದು ಕಡೆ ನೆಟ್ಟಗೆ ಕೂರಲು ಆಗುತ್ತಿಲ್ಲ. ಇದನ್ನು ಬರೆಯುವಾಗಲೂ ಎದ್ದೆದ್ದು ಓಡಾಡುತ್ತಿದ್ದೇನೆ. ಅವರ ಹೆಸರು ಇಲ್ಲಿ ಹಾಕುವುದಿಲ್ಲ. ತಾವೇ ಬರೆದು ನಮ್ಮಿಂದ ಆಡಿಸಿದ ನಾಟಕದ ಕರಪತ್ರದಲ್ಲಿ ಕೂಡ ಹೆಸರು ಹಾಕಲು ಬಿಡದೆ ಜಗಳವಾಡಿದವರು ಅವರು.

ನಾನು ಅವರನ್ನು ಮೊದಲು ಕಂಡದ್ದು ಕೋವಿಡ್ ಸ್ವಲ್ಪ ಇಳಿದು, ನಮ್ಮ ಕನ್ನಡ ಸಂಘದವರು ಮತ್ತೆ ಒಟ್ಟುಸೇರಲು ಶುರುಮಾಡಿದ ಕಾಲದಲ್ಲಿ. ಬ್ಯಾಲಂಟೈನ್ ಹತ್ತಿರದ ಕಮ್ಯುನಿಟಿ ಹಾಲಿನಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡು ದೂರ ದೂರ ಕೂತಿದ್ದೆವು. ಇವರೊಬ್ಬರೇ ಕುರ್ಚಿಗಳ ನಡುವೆ ಅಡ್ಡಾಡುತ್ತಿದ್ದರು. ತೆಳ್ಳಗಿನ ಎತ್ತರದ ಆಳು, ಬೆಳ್ಳಗಿನ ಮೀಸೆ, ಎಪ್ಪತ್ತು ದಾಟಿದ ವಯಸ್ಸು. ಸಂಘದ ಅಧ್ಯಕ್ಷರು ಮಾತಾಡುತ್ತಿದ್ದಾಗ ಎಲ್ಲಿಂದಲೋ ಟಕಟಕ ಸದ್ದು ಬರುತ್ತಿತ್ತು. ಏನೆಂದು ಹುಡುಕಿದರೆ ಇವರು ಗೋಡೆಗೆ ಒರಗಿ ನಿಂತು, ಮುಖದಲ್ಲಿ ಬಹಳ ಗಮನವಿಟ್ಟು ಭಾಷಣ ಕೇಳುತ್ತ, ಕಾಲಲ್ಲಿ ಬೇರೆಯದೇ ಕೆಲಸ ನಡೆಸಿದ್ದರು.

ಎಲ್ಲರಿಗೂ ಅವರು ಅಂಕಲ್. ಅವರು ಹೆಂಗಸರನ್ನೆಲ್ಲ ಅವ್ವಾ ಎನ್ನುತ್ತಿದ್ದರು. ಮೈಸೂರಿನವಳಾದ ನನಗೆ ಅದು ಮೊದಲು ವಿಚಿತ್ರವೆನಿಸಿ, ಆಮೇಲೆ ಕರೆಯದಿದ್ದರೆ ಏನೋ ಕಳೆದಂತಾಗುತ್ತಿತ್ತು.

ಅವರು ಬಟ್ಟೆಯ ಮಿಲ್ಲಿನ ಎಂಜಿನಿಯರಾಗಿ ಕೆರೊಲಿನಾಕ್ಕೆ ಬಂದವರು. ಬಂದಾಗ ಇಲ್ಲಿ ಊರೂರಿಗೂ ಮಿಲ್ಲುಗಳಿದ್ದವಂತೆ. ಆಮೇಲೆ ಒಂದೊಂದೇ ಮುಚ್ಚತೊಡಗಿದವು. ಒಂದು ಮುಚ್ಚಿದರೆ ಇನ್ನೊಂದು ಊರಿಗೆ, ಅದು ಮುಚ್ಚಿದರೆ ಮತ್ತೊಂದಕ್ಕೆ, ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ಸರಿಯುತ್ತ ಹೋದರು. ಕೆಲವು ಪೆಟ್ಟಿಗೆಗಳನ್ನು ಬಿಚ್ಚುವುದನ್ನೇ ಬಿಟ್ಟಿದ್ದರಂತೆ. ಹೆಂಡತಿ ತೀರಿಕೊಂಡು, ಮಗಳು ಮೇರಿಲ್ಯಾಂಡಿನಲ್ಲಿ ನೆಲೆಸಿದ ಮೇಲೂ ಅವರು ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡು ವರ್ಷ ನಿಂತವರಲ್ಲ. ಯಾಕೆ ಎಂದು ಕೇಳಿದರೆ, ಗೋಡೆಗಳು ಪರಿಚಯವಾದ ಕೂಡಲೇ ಭಯವಾಗುತ್ತದೆ ಎಂದಿದ್ದರು ಒಮ್ಮೆ.

ಟ್ಯಾಪ್ ಹತ್ತಿಕೊಂಡದ್ದು ದಕ್ಷಿಣ ಕೆರೊಲಿನಾದ ಒಂದು ಸಣ್ಣ ಊರಿನಲ್ಲಿ, ಮಿಲ್ಲು ಮುಚ್ಚಿದ ವಾರ. ಅಲ್ಲಿ ಮಗ್ಗಗಳ ವಿಭಾಗದಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು ಹಳೆಯ ಶಾಲೆಯ ಜಿಮ್ಮಿನಲ್ಲಿ ಟ್ಯಾಪ್ ಕಲಿಸುತ್ತಿದ್ದಳು. ಎಲ್ಲರ ಕೆಲಸ ಹೋಗಿದೆ, ಅವಳ ಕೆಲಸವೂ ಹೋಗಿದೆ, ಕ್ಲಾಸು ಮಾತ್ರ ನಡೆದಿದೆ. ಇವರು ಮನೆಗೆ ಹೋಗಲು ಮನಸ್ಸಿಲ್ಲದೆ ಬೀದಿ ಸುತ್ತುತ್ತಿದ್ದವರು ಸದ್ದು ಕೇಳಿ ಬಾಗಿಲು ತೆರೆದು ನಿಂತಿದ್ದಾರೆ. ಬೆಟಗೇರಿಯ ಮನೆಯಲ್ಲಿ ಸಾಲಾಗಿ ಮಗ್ಗಗಳು ಆಡುತ್ತಿದ್ದ ನೆನಪು ಬಂತಂತೆ. ಒಳಗೆ ಬಾ, ಇಲ್ಲ ಹೊರಗೆ ಹೋಗು, ಬಾಗಿಲು ತೆರೆದಿಟ್ಟು ಒಳಗಿನ ಶಾಖ ಹೊರಗೆ ಕಳಿಸಬೇಡ ಎಂದು ಅವಳು ಗದರಿದಳಂತೆ. ಇವರು ಒಳಗೆ ಹೋದರು.

ಆ ಚಿತ್ರದ ವಿಡಿಯೊ ಕ್ಯಾಸೆಟ್ಟು ಹಾಕಿ ತೋರಿಸಿದವಳೂ ಅವಳೇ. ಅವಳ ತಾಯಿ ಮೂವತ್ತರ ದಶಕದಲ್ಲಿ ಅದೇ ಮಿಲ್ಲಿನಲ್ಲಿ ದುಡಿಯುತ್ತ, ಊಟಕ್ಕೆ ಕಷ್ಟವಿದ್ದರೂ ಊರಿನ ಟಾಕೀಸಿನಲ್ಲಿ ಅದನ್ನು ನೋಡಿ ಬಂದು, ಮಗ್ಗದ ಪಕ್ಕ ನಿಂತು ಹೆಜ್ಜೆ ಹಾಕುತ್ತಿದ್ದಳಂತೆ. ಈ ಭಾಗ ಹೇಳುವಾಗ ಅಂಕಲ್ ತಾವೂ ಎದ್ದು ಹೆಜ್ಜೆ ಹಾಕಿ ತೋರಿಸುತ್ತಿದ್ದರು. ಎಲ್ಲ ಮನೆಗಳಲ್ಲೂ ಕಾರ್ಪೆಟ್ಟಾದ್ದರಿಂದ ಸದ್ದು ಬರುತ್ತಿರಲಿಲ್ಲ. ಅದಕ್ಕೆಂದೇ ಅವರ ಹಳೆಯ ವ್ಯಾನಿನ ಹಿಂಭಾಗದಲ್ಲಿ ಒಂದು ದಪ್ಪ ಪ್ಲೈವುಡ್ ಹಲಗೆ ಸದಾ ಇರುತ್ತಿತ್ತು. ತಡೆಯಲಾಗದಿದ್ದರೆ ಅಂಗಡಿಯ ಮುಂದಿನ ಪಾರ್ಕಿಂಗ್ ಲಾಟಿನಲ್ಲೇ ಅದನ್ನು ಹಾಸಿಬಿಡುತ್ತಿದ್ದರು.

ಯುಗಾದಿಗೆ ನಾಟಕ ಮಾಡಿಸಿ ಎಂದು ಸಂಘದವರು ಕೇಳಿದಾಗ ಅಂಕಲ್ ಬರೆದುಕೊಂಡು ಬಂದದ್ದು, ಮುಳುಗುತ್ತಿರುವ ಒಂದು ನಾಟಕ ಕಂಪನಿ ಕೊನೆಯದೊಂದು ಆಟ ಕಟ್ಟುವ ಕತೆ. ಮಾತು ಉತ್ತರ ಕರ್ನಾಟಕದ್ದು, ಹಾಡು ಕನ್ನಡದ್ದು, ಕಾಲು ಮಾತ್ರ ಅಮೆರಿಕದ್ದು. ದಿನವಿಡೀ ಲ್ಯಾಪ್‌ಟಾಪಿನ ಮುಂದೆ ಕೂರುವ ಹತ್ತು ಹನ್ನೆರಡು ಜನರಿಗೆ, ಮುಂಗಾಲಿಗೂ ಹಿಮ್ಮಡಿಗೂ ತಗಡು ಬಿಗಿದ ಷೂ ಹಾಕಿಸಿ ಶನಿವಾರ ಭಾನುವಾರ ಕುಣಿಸಿದರು. ನಾಯಕಿಯ ಪಾತ್ರ ಮೇಘನಾಳದು. ಅವಳು ಬೆಂಗಳೂರಿನವಳು, ಭರತನಾಟ್ಯ ಕಲಿತವಳು, ಮೂರು ವರ್ಷದ ಮಗಳ ತಾಯಿ, ನನ್ನ ಸ್ನೇಹಿತೆ. ನಾನು ಪರದೆಯ ಮರೆಯಿಂದ ಮಾತು ಎತ್ತಿಕೊಡುವ ಪ್ರಾಂಪ್ಟರ್. ರಂಗದ ಮೇಲೆ ಬರುವುದಿಲ್ಲ ಎಂಬ ಷರತ್ತಿನ ಮೇಲೆ ಸೇರಿದ್ದೆ. ತಾಲೀಮಿನಲ್ಲಿ ಹಿಂದಿನ ಸಾಲು ತುಂಬಲು ಒಬ್ಬರು ಕಡಿಮೆಯಿದ್ದಾರೆಂದು ಹೆಜ್ಜೆಗಳನ್ನಂತೂ ಕಲಿಸಿದ್ದರು. ಸರಿಯಾಗಿ ಬಂದಿರಲಿಲ್ಲ.

ತಾಲೀಮಿನ ಮೊದಲ ತಿಂಗಳಲ್ಲೇ ನಮ್ಮನ್ನೆಲ್ಲ ಅವರ ಅಪಾರ್ಟ್‌ಮೆಂಟಿಗೆ ಕರೆದು ಆ ಚಿತ್ರ ತೋರಿಸಿದರು. ಗಿರಮಿಟ್ಟು, ಮಿರ್ಚಿ ಎಲ್ಲ ತಾವೇ ಮಾಡಿದ್ದರು. ನಾಯಕಿ ಹಾಡುವಾಗ ಅವರು ಸೋಫಾದ ಹಿಂದಿನಿಂದ ಕೈಚಾಚಿ ಟಿವಿಯ ಮೂಲೆಯೊಂದನ್ನು ತೋರಿಸಿದರು. ಮೂರನೇ ಸಾಲಿನ ಅಂಚಿನಲ್ಲಿ ಒಬ್ಬ ಹುಡುಗಿ. ಅವಳಿಗೆ ಚಿತ್ರದಲ್ಲಿ ಒಂದು ಮಾತೂ ಇಲ್ಲ.

"ಎಲ್ಲಾರೂ ನಡುವಿನಾಕಿನ್ನ ನೋಡ್ತಾರವಾ. ನಾ ಈಕಿನ್ನ ನೋಡ್ತೀನಿ. ಹೊರಗ ಊರಿಗೆ ಊರ ಉಪವಾಸ ಕುಂತೈತಿ, ಈಕಿ ಹಲ್ಲು ಕಾಣೂ ಹಂಗ ನಕ್ಕೋತ ಕುಣ್ಯಾಕ ಹತ್ಯಾಳ. ಆವತ್ತ ಮುಂಜಾನೆ ಏನು ಉಂಡು ಬಂದಿದ್ಲೋ ಏನೋ."

ಇದನ್ನು ಹೇಳಿ ಅಡುಗೆಮನೆಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಅವರಿಗೆ ಗೆದ್ದವಳ ಕತೆ ಬೇಕಾಗಿರಲಿಲ್ಲ ಎಂದು ಹೇಳಲಾರೆ. ಅದೂ ಬೇಕಿತ್ತು, ಬಹಳವೇ ಬೇಕಿತ್ತು. ಮೇಳದ ಹುಡುಗಿ ರಂಗಕ್ಕೆ ಕಾಲಿಡುವ ಗಳಿಗೆಯಲ್ಲಿ ಅವರ ಕುತ್ತಿಗೆಯ ನರ ಉಬ್ಬುತ್ತಿತ್ತು. ಆದರೆ ಅವಳು ಗೆದ್ದ ಮೇಲೂ ಅವರ ಕಣ್ಣು ಆ ಅಂಚಿಗೇ ಹೋಗುತ್ತಿತ್ತು.

ತಾಲೀಮಿನಲ್ಲಿ ಅವರು ಒರಟು. ಹೆಜ್ಜೆ ತಪ್ಪಿದರೆ ಸಂಗೀತ ನಿಲ್ಲಿಸಿ, ತಪ್ಪಿದವರ ಪಕ್ಕ ಬಂದು ನಿಂತು, ಏನೂ ಮಾತಾಡದೆ ತಾವೇ ಮಾಡಿ ತೋರಿಸಿ ಹೋಗುತ್ತಿದ್ದರು. ಬೈದಿದ್ದರೆ ವಾಸಿಯಿತ್ತು. ರಂಗದ ನಡುವೆ ಮಾತ್ರ ಎಂದೂ ಬರುತ್ತಿರಲಿಲ್ಲ. ಅವರ ಜಾಗ ಪಕ್ಕದ ಪರದೆಗಳ ಸಂದು, ಸೈಡ್‌ವಿಂಗ್. ಆ ಎರಡಡಿ ಜಾಗದಲ್ಲಿ ಇಡೀ ಸಂಜೆ ಹೋಗುತ್ತ ಬರುತ್ತ ಇರುತ್ತಿದ್ದರು.

ಆ ಚಳಿಗಾಲ ನಮ್ಮಲ್ಲಿ ಕೆಲಸಗಳು ಹೋಗಲು ಶುರುವಾದವು. ಇವತ್ತು ಒಬ್ಬರ ಟೀಮು, ನಾಳೆ ಇನ್ನೊಬ್ಬರದು. ವೀಸಾ ಮೇಲಿರುವವರಿಗೆ ಕೆಲಸ ಹೋದರೆ ಇನ್ನೊಂದು ಹುಡುಕಲು ಎರಡು ತಿಂಗಳು, ಸಿಗದಿದ್ದರೆ ದೇಶ ಬಿಡಬೇಕು. ತಾಲೀಮಿಗೆ ಬಂದವರು ಮೂಲೆಯಲ್ಲಿ ಗುಸುಗುಸು ಮಾತಾಡುವುದು, ಫೋನ್ ನಡುಗಿದರೆ ಬೆಚ್ಚುವುದು. ನನ್ನ ಗಂಡ ಗಿರೀಶನ ಬ್ಯಾಂಕಿನಲ್ಲೂ ಹೆಸರುಗಳು ಓಡಾಡುತ್ತಿದ್ದವು. ಮನೆಯಲ್ಲಿ ನಾವಿಬ್ಬರೂ ಆ ಮಾತು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದೆವು. ಫೋನ್‌ಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿಸುತ್ತಿದ್ದ ಅಂಕಲ್ ಒಂದು ದಿನ ಆ ಬುಟ್ಟಿಯನ್ನೇ ತೆಗೆದಿಟ್ಟರು. ಯಾರ ಫೋನ್ ಬಂದರೂ ಹೊರಗೆ ಹೋಗಿ ಮಾತಾಡಿ ಬರಲಿ, ಅಲ್ಲಿಯ ತನಕ ಹಾಡು ನಿಲ್ಲುತ್ತದೆ ಎಂದರು.

ಮೇಘನಾಳ ಗಂಡನ ಕೆಲಸ ಹೋದದ್ದು ನಮ್ಮಲ್ಲಿ ಮೊದಲು ಗೊತ್ತಾದದ್ದು ಅಂಕಲ್ ಅವರಿಗೆ. ಅವಳು ಯಾರಿಗೂ ಹೇಳಿರಲಿಲ್ಲ. ಯಾವಾಗಲೂ ತಡವಾಗಿ ಬರುತ್ತಿದ್ದವಳು ಎಲ್ಲರಿಗಿಂತ ಮುಂಚೆ ಬಂದು ಕಾರಿನಲ್ಲೇ ಕೂತಿರತೊಡಗಿದ್ದಳು. ಮನೆಯಲ್ಲಿರಲು ಆಗುತ್ತಿರಲಿಲ್ಲವಂತೆ. ಅಂಕಲ್ ಅದನ್ನು ನೋಡಿ, ತಾವು ಇನ್ನೂ ಮುಂಚೆ ಬಂದು ಹಾಲಿನ ಬಾಗಿಲು ತೆಗೆದು ಕಾಫಿ ಮಾಡಿಡತೊಡಗಿದರು. ಅವಳ ಜತೆ ನಾಟಕದ ಮಾತು ಬಿಟ್ಟು ಬೇರೇನೂ ಆಡಲಿಲ್ಲ.

ನಾಟಕಕ್ಕೆ ಹತ್ತು ಹದಿನೈದು ದಿನವಿದ್ದಾಗ ಅವಳ ಗಂಡನಿಗೆ ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿತು. ಕೂಡಲೇ ಸೇರಬೇಕು. ಒಂದು ವಾರದಲ್ಲಿ ಮನೆ ಖಾಲಿ ಮಾಡಿಕೊಂಡು ಹೋದರು. ನಾಟಕದ ದಿನ ಬಂದೇ ಬರುತ್ತೇನೆ, ನಾಲ್ಕು ಗಂಟೆಯ ಡ್ರೈವ್ ಅಷ್ಟೇ ಎಂದು ಹೇಳಿ ಹೋದವಳು, ಎರಡು ದಿನ ಬಿಟ್ಟು ಫೋನ್ ಮಾಡಿದಳು. ಗಂಡನನ್ನು ಮೊದಲ ದಿನವೇ ಡಲ್ಲಾಸ್‌ಗೆ ಕಳಿಸಿದ್ದಾರೆ, ಮಗುವಿಗೆ ಜ್ವರ, ಹೊಸ ಊರಿನಲ್ಲಿ ಯಾರೂ ಗೊತ್ತಿಲ್ಲ, ಬರಲು ಆಗುವುದಿಲ್ಲ.

ಮರುದಿನ ಬೆಳಿಗ್ಗೆ ಅಂಕಲ್ ವ್ಯಾನು ನಮ್ಮ ಮನೆಯ ಮುಂದೆ ನಿಂತಿತು. ಅಟ್ಲಾಂಟಾಕ್ಕೆ ಹೋಗಿ ಅವಳನ್ನು ಕರೆದುಕೊಂಡು ಬರೋಣ, ನೀನೂ ಬಾ ಎಂದರು. ನಾನು ರಜೆ ಹಾಕಿ ಹತ್ತಿದೆ.

ಹೈವೇಯುದ್ದಕ್ಕೂ ಅವರು ಯೋಜನೆ ಹೇಳುತ್ತಲೇ ಹೋದರು. ಮಗುವನ್ನೂ ಕರೆತರುವುದು, ಡರ್ಹಮ್‌ನಿಂದ ನಮ್ಮ ನಾಟಕದಲ್ಲಿ ಹಾಡಲು ಬರುವ ಡಾಕ್ಟರೊಬ್ಬರಿಗೆ ತೋರಿಸುವುದು, ಗ್ರೀನ್‌ರೂಮಿನಲ್ಲಿ ಮಲಗಿಸುವುದು, ನಾನು ನೋಡಿಕೊಳ್ಳುವುದು. ನಾಟಕ ನಿಲ್ಲಬಾರದು, ನಿಂತರೆ ಇಷ್ಟು ಜನ ಈ ಚಳಿಗಾಲ ಪೂರ್ತಿ ಯಾಕೆ ಕಾಲು ನೋಯಿಸಿಕೊಂಡರು ಎಂದು ಸ್ಟೀರಿಂಗಿಗೆ ಹೊಡೆದು ಹೇಳಿದರು. ಗ್ರೀನ್‌ವಿಲ್ ದಾಟಿದ ಮೇಲೆ ದೂರದಲ್ಲಿ ಇಟ್ಟಿಗೆಯ ಚಿಮಣಿಯೊಂದು ಕಂಡಿತು. ಅವರು ಕೆಲಸ ಮಾಡಿದ್ದ ಮಿಲ್ಲಂತೆ. ಈಗ ಒಳಗೆಲ್ಲ ಅಪಾರ್ಟ್‌ಮೆಂಟುಗಳು, ತಮ್ಮ ಯಂತ್ರಗಳಿದ್ದ ಜಾಗದಲ್ಲಿ ಯಾರೋ ಮಲಗುತ್ತಾರೆ ಎಂದರು. ವ್ಯಾನಿನ ವೇಗ ಮಾತ್ರ ಇಳಿಸಲಿಲ್ಲ.

ಮೇಘನಾ ಬಾಗಿಲು ತೆಗೆದಳು. ಹಿಂದೆ ಎದೆಮಟ್ಟ ಪೆಟ್ಟಿಗೆಗಳು. ನೆಲದ ಮೇಲೆ ಹಾಸಿದ ರಜಾಯಿಯಲ್ಲಿ ಮಗು ಕೆಂಪು ಮುಖ ಮಾಡಿಕೊಂಡು ಮಲಗಿತ್ತು. ಮೇಘನಾ ನಮ್ಮನ್ನು ನೋಡಿ ಬಾಗಿಲಿಗೇ ಒರಗಿ ಅಳತೊಡಗಿದಳು.

"ಅಂಕಲ್, ನೀವು ಬಂದ್ರಲ್ಲ. ಯಾರನ್ನ ಕಾಲ್ ಮಾಡ್ಲಿ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಹೆಲ್ಪ್ ಮಾಡೋಕೆ ಅಂತ ಅಷ್ಟು ದೂರದಿಂದ ಡ್ರೈವ್ ಮಾಡ್ಕೊಂಡು ಬಂದ್ರಾ?"

ನಾನು ಅಂಕಲ್ ಮುಖ ನೋಡಿದೆ. ಅವರು ಷೂ ಬಿಚ್ಚುತ್ತ, "ಹೂಂನವಾ, ಅದಕ್ಕ ಬಂದೇವಿ" ಎಂದರು.

ಆಮೇಲೆ ನಾಟಕದ ಮಾತೇ ಎತ್ತಲಿಲ್ಲ. ಮಂಚದ ಭಾಗಗಳನ್ನು ಹುಡುಕಿ ಜೋಡಿಸಿದರು. ಅಡುಗೆಮನೆಯ ಪೆಟ್ಟಿಗೆ ಬಿಚ್ಚಿ, ಕುಕ್ಕರು ಹೊರತೆಗೆದು, ಅನ್ನ ಸಾರು ಮಾಡಿ ಅವಳನ್ನು ಕೂರಿಸಿ ಬಡಿಸಿದರು. ನನ್ನನ್ನು ಜ್ವರದ ಔಷಧಿ ತರಲು ಓಡಿಸಿದರು. ಮಧ್ಯಾಹ್ನದ ಹೊತ್ತಿಗೆ ಮಗುವಿನ ಮೈ ತಣ್ಣಗಾಗಿ ಅದು ಎದ್ದು ಕೂತಾಗ, ಅಡುಗೆಮನೆಯ ಗಟ್ಟಿ ನೆಲದ ಮೇಲೆ ಎರಡು ಹೆಜ್ಜೆ ಹಾಕಿ ತೋರಿಸಿದರು. ಮಗು ಮತ್ತೆ ಮಾಡು ಎಂದಿತು. ಎಷ್ಟು ಸಲ ಮಾಡಿದರೋ. ಹೊರಡುವಾಗ ಮೇಘನಾಳೇ ಶನಿವಾರದ ಮಾತೆತ್ತಿ, ಏನು ಮಾಡುತ್ತೀರಿ ಎಂದಳು. ಅದೆಲ್ಲ ವ್ಯವಸ್ಥೆಯಾಗಿದೆ, ಚಿಂತೆ ಮಾಡಬೇಡ ಎಂದು ಅಂಕಲ್ ಸುಳ್ಳು ಹೇಳಿದರು.

ವಾಪಸು ಬರುವಾಗ ದಕ್ಷಿಣ ಕೆರೊಲಿನಾದ ಗಡಿಯ ರೆಸ್ಟ್ ಏರಿಯಾದಲ್ಲಿ ವ್ಯಾನು ನಿಲ್ಲಿಸಿ ಇಳಿದು, ಟ್ರಕ್ಕುಗಳ ನಡುವೆ ಆಚೆ ಈಚೆ ನಡೆದರು. ಬಲಗಾಲು ಸ್ವಲ್ಪ ಎಳೆದಂತೆ ಕಂಡಿತು. ಡ್ರೈವ್ ಮಾಡಿ ಜೋಮು ಹಿಡಿದಿರಬೇಕು ಅಂದುಕೊಂಡೆ. ಕಿಟಕಿಯ ಹತ್ತಿರ ಬಂದು ಬಗ್ಗಿ ಹೇಳಿದರು.

"ಮಾತೆಲ್ಲ ನಿನಗ ಬಾಯಿಪಾಠ ಐತಿ. ನೀನ ನಿಂದ್ರಬೇಕವಾ."

ಆಗುವುದಿಲ್ಲ ಅಂಕಲ್, ಹಾಡು ಹೇಗೋ ಆಗಬಹುದು, ಕಾಲು ಬರುವುದಿಲ್ಲ ಎಂದೆ. ಸಿಟ್ಟೂ ಬಂತು. ಇದು ನಿಮ್ಮ ಸಿನೆಮಾ ಅಲ್ಲ, ಎರಡು ದಿನದಲ್ಲಿ ಯಾರೂ ಸ್ಟಾರ್ ಆಗುವುದಿಲ್ಲ ಎಂದೂ ಹೇಳಿಬಿಟ್ಟೆ. ಅವರು ತಲೆಯಾಡಿಸಿದರು. ಅದು ತಮಗೂ ಗೊತ್ತು, ಸ್ಟಾರ್ ಯಾರಿಗೆ ಬೇಕು, ಹಿಂದಿನ ಸಾಲಿನವರು ಕುಣಿಯಲು ಮುಂದೆ ಒಬ್ಬಳು ನಿಂತರೆ ಸಾಕು ಎಂದರು. ಮನೆಗೆ ಬಂದು ನೋಡಿದರೆ ಗಿರೀಶ ಸೋಫಾದಲ್ಲಿ ಕೂತಿದ್ದ. ಅವನ ಟೀಮಿನಲ್ಲಿ ಅರ್ಧ ಜನ ಹೋಗಿದ್ದರು, ಅವನು ಉಳಿದಿದ್ದ. ಉಳಿದದ್ದಕ್ಕೆ ಸಂತೋಷಪಡಲು ಅವನಿಗೆ ಆಗುತ್ತಿರಲಿಲ್ಲ. ಶನಿವಾರ ನಾನು ಮೇಘನಾಳ ಪಾರ್ಟ್ ಮಾಡುತ್ತಿದ್ದೇನೆ ಎಂದೆ. ಬೇರೇನು ಹೇಳಬೇಕೆಂದು ತೋಚದೆ ಬಾಯಿಗೆ ಬಂದದ್ದು ಅದು.

ಎರಡು ದಿನ ಅವರು ನನ್ನನ್ನು ಬಿಡಲಿಲ್ಲ. ಮಾತು ಸರಿಯಾಯಿತು, ಹಾಡು ತಕ್ಕಮಟ್ಟಿಗೆ ಬಂತು. ಕೊನೆಯ ದೊಡ್ಡ ಕುಣಿತದಲ್ಲಿ ಮಾತ್ರ ನನ್ನ ಕಾಲು ಪ್ರತಿ ಸಲವೂ ಒಂದು ಹೆಜ್ಜೆ ಹಿಂದೆ. ಟ್ಯಾಪ್‌ನಲ್ಲಿ ತಪ್ಪನ್ನು ಮುಚ್ಚಿಡಲು ಆಗುವುದಿಲ್ಲ. ತಪ್ಪಿದ್ದು ಇಡೀ ಸಭೆಗೆ ಕೇಳಿಸುತ್ತದೆ.

ಪ್ರದರ್ಶನ ಒಂದು ಹೈಸ್ಕೂಲಿನ ಆಡಿಟೋರಿಯಮ್ಮಿನಲ್ಲಿ. ಕುರ್ಚಿಗಳೆಲ್ಲ ತುಂಬಿದ್ದವು. ಕೆಲಸ ಹೋದವರೂ ಬಂದಿದ್ದರು, ರೇಷ್ಮೆ ಸೀರೆ ಉಟ್ಟು, ಮಕ್ಕಳಿಗೆ ಜುಬ್ಬಾ ಹಾಕಿಸಿ. ಕೊನೆಯ ದೃಶ್ಯಕ್ಕೆ ಮುಂಚೆ ನಾನು ಸೈಡ್‌ವಿಂಗಿಗೆ ಬಂದಾಗ ಅಂಕಲ್ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಷೂ ಬಿಚ್ಚಿಸಿಕೊಂಡು, ಸ್ಕ್ರೂ ಡ್ರೈವರಿನಿಂದ ಅಡಿಯ ತಗಡುಗಳನ್ನು ಒಂದೊಂದಾಗಿ ಕಿತ್ತರು. ಅವರ ಬೆರಳು ನಡುಗುತ್ತಿದ್ದುದರಿಂದ ಸ್ಕ್ರೂ ಎರಡು ಸಲ ಕೆಳಗೆ ಬಿತ್ತು. ಪರದೆಯ ಸಂದಿಯಲ್ಲಿ ಆ ಪ್ಲೈವುಡ್ ಹಲಗೆ ಹಾಸಿತ್ತು. ಅವರು ತಮ್ಮ ಷೂ ಹಾಕಿಕೊಂಡಿದ್ದರು. ಸಂಘದ ಮೈಕೊಂದನ್ನು ಹಲಗೆಯ ಪಕ್ಕ ನೆಲಕ್ಕೆ ಬಗ್ಗಿಸಿ ಇಟ್ಟಿದ್ದರು.

"ನೀ ಕೈ ಬೀಸು, ನಗು, ಹಾಡು. ಕಾಲು ನಾ ನೋಡ್ಕೋತೀನಿ."

ಹೋದೆ. ದೀಪದ ಬೆಳಕಿಗೆ ಮುಂದಿನದೇನೂ ಕಾಣುತ್ತಿರಲಿಲ್ಲ. ಹಿಂದೆ ಮೇಳದವರು, ಎಡಕ್ಕೆ ಕತ್ತಲೆಯಲ್ಲಿ ಅವರು. ನಾನು ಕಾಲು ಎತ್ತಿ ಇಟ್ಟ ಕಡೆಯಲ್ಲೆಲ್ಲ ಸದ್ದು ಬಂತು. ನನ್ನ ಹೆಜ್ಜೆ ತಡವಾದಾಗಲೂ ಸದ್ದು ತಡವಾಗಲಿಲ್ಲ. ಸ್ವಲ್ಪ ಹೊತ್ತಿಗೆ ನಾನು ಸದ್ದನ್ನು ಹಿಂಬಾಲಿಸಿ ಕಾಲು ಇಡತೊಡಗಿದೆ. ಒಮ್ಮೆ ತಿರುಗುವಾಗ ಅವರು ಕಂಡರು. ಕಣ್ಣು ನನ್ನ ಕಾಲಿನ ಮೇಲೆ, ಒಂದು ಕೈ ಪರದೆಯ ಹಗ್ಗ ಹಿಡಿದುಕೊಂಡು, ಬೆವರು ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. ಆಗ ನನಗೆ ಭಯವಾದದ್ದು ಸಭೆಯದ್ದಲ್ಲ. ಈ ಮನುಷ್ಯ ಬಿದ್ದುಬಿಟ್ಟರೆ ಎಂದು. ಹಾಡು ಮುಗಿಯಲಿ, ಮುಗಿಯಲಿ ಎನ್ನುತ್ತಲೇ ನಗುತ್ತ ಕುಣಿದೆ.

ಚಪ್ಪಾಳೆ ಬಹಳ ಹೊತ್ತು ಬಿತ್ತು. ಹೊರಗೆ ಬಂದಾಗ ಜನ ಮುತ್ತಿಕೊಂಡು ನನ್ನ ಕಾಲನ್ನೇ ಹೊಗಳಿದರು. ಒಬ್ಬ ಆಂಟಿ ತಮ್ಮ ಮೊಮ್ಮಗಳಿಗೆ ಕಲಿಸುತ್ತೀಯಾ ಎಂದು ಕೇಳಿದರು. ಅದು ನನ್ನ ಕಾಲಲ್ಲ, ಅಂಕಲ್‌ದು ಎಂದು ಅಲ್ಲೇ ಎಲ್ಲರಿಗೂ ಹೇಳಿದೆ. ಯಾರೂ ನಂಬಲಿಲ್ಲ, ಎಷ್ಟು ವಿನಯ ಎಂದರು. ಅಂಕಲ್ ಅವರನ್ನು ಕೇಳಿದರೆ, ಈ ಹುಡುಗಿ ಎರಡೇ ದಿನದಲ್ಲಿ ಕಲಿತಳು ನೋಡಿ ಎಂದು ಕಣ್ಣು ಮಿಟುಕಿಸದೆ ಹೇಳಿ, ಕುರ್ಚಿ ಮಡಚಲು ಹೊರಟುಹೋದರು. ಫೋನಿನಲ್ಲಿ ನೇರಪ್ರಸಾರ ನೋಡುತ್ತಿದ್ದ ಮೇಘನಾ ಒಬ್ಬಳಿಗೆ ಗೊತ್ತಾಗಿತ್ತು. ಅದು ಅಂಕಲ್ ಕಾಲು ಕಣೇ ಎಂದು ಮೆಸೇಜ್ ಹಾಕಿದ್ದಳು.

ಬೇಸಿಗೆಯ ಹೊತ್ತಿಗೆ ಅವರು ತಾಲೀಮು ನಡೆಸುವುದನ್ನು ಬಿಟ್ಟರು. ಬಲಗಾಲು ಎಳೆಯುವುದು ಎಲ್ಲರಿಗೂ ಕಾಣತೊಡಗಿತು. ಪಾರ್ಕಿನ್ಸನ್ಸ್, ಕೈಕಾಲು ನಡುಗಿ ಹೆಜ್ಜೆಯ ಹಿಡಿತ ತಪ್ಪಿಸುವ ಕಾಯಿಲೆ. ಡಾಕ್ಟರು ಅದನ್ನು ಹೇಳಿದ್ದು ಆ ಚಳಿಗಾಲದಲ್ಲೇ, ನಾಟಕಕ್ಕೆ ಬಹಳ ಮುಂಚೆ ಎಂಬುದು ನನಗೆ ಆಮೇಲೆ ಅನು ಹೇಳಿ ಗೊತ್ತಾಯಿತು. ಅವಳಿಗೂ ಅವರು ತಿಳಿಸಿದ್ದು ನಾಟಕ ಮುಗಿದ ಮೇಲೆ. ಅವಳು ಬಂದು, ಸಾಮಾನು ಕಟ್ಟಿ, ಅವರನ್ನು ಎಲಿಕಾಟ್ ಸಿಟಿಗೆ ಕರೆದುಕೊಂಡು ಹೋದಳು. ವ್ಯಾನು ಮಾರಿದರು. ಊರು ಬಿಡುವಾಗ ಅವರು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಬಿಡುವುದು ಅವರಿಗೆ ರೂಢಿಯಿತ್ತು. ಆದರೆ ಇನ್ನು ಮುಂದೆ ಅಲ್ಲೇ ಇರಬೇಕಲ್ಲ ಎಂದು ಫೋನಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು.

ಹೋದ ವರ್ಷ ಎಲೆ ಉದುರುವ ಕಾಲದಲ್ಲಿ ಗಿರೀಶನಿಗೆ ಎಲಿಕಾಟ್ ಸಿಟಿಗೆ ಹತ್ತಿರದ ರಾಜಧಾನಿ ಡಿ.ಸಿ.ಯಲ್ಲಿ ಆಫೀಸಿನ ಕೆಲಸವಿತ್ತು. ನಾನೂ ಹೋಗಿ ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಕಳೆದೆ. ಅನು ಅಮೆರಿಕದಲ್ಲೇ ಹುಟ್ಟಿದವಳು, ನನಗಿಂತ ಸ್ವಲ್ಪ ದೊಡ್ಡವಳು. ಬಾಗಿಲು ತೆಗೆದವಳೇ, ಅಪ್ಪ ಬೆಳಗಿನಿಂದ ಕಾಯುತ್ತಿದ್ದಾನೆ ಎಂದಳು. ಕೆಳಗಿನ ಕೋಣೆಯೊಂದರ ಕಾರ್ಪೆಟ್ಟು ಕೀಳಿಸಿ ಮರದ ನೆಲ ಹಾಕಿಸಿದ್ದಳು. ಅಪ್ಪ ಬರುವ ಮುಂಚೆ ಮಾಡಿಸಿದ್ದಂತೆ. ಅವರು ಬಂದು ಅದರ ಮೇಲೆ ಕುಣಿದದ್ದು ಹೆಚ್ಚು ದಿನವಲ್ಲ.

ಕಾಫಿ ಮಾಡುತ್ತ ಅವಳು ಇದ್ದಕ್ಕಿದ್ದಂತೆ ಹೇಳಿದಳು. "ಪ್ರತಿ ಸ್ಕೂಲ್ ನಾನು ನ್ಯೂ ಗರ್ಲ್. ಅಪ್ಪ ಪಾರ್ಕಿಂಗ್ ಲಾಟಲ್ಲಿ ಡಾನ್ಸ್ ಮಾಡ್ತಾನೆ, ಎಲ್ಲ ಕಿಡ್ಸ್ ನೋಡ್ತಾರೆ. ಐ ಹೇಟೆಡ್ ಇಟ್. ಈಗ ನಾನೇ ಅವನಿಗೆ ಡಾನ್ಸ್ ಮಾಡಿ ತೋರಿಸ್ಬೇಕು, ಇಲ್ಲಾಂದ್ರೆ ನಡಿಯಲ್ಲ." ಏನು ಹೇಳುತ್ತಿದ್ದಾಳೆ ಎಂದು ನನಗೆ ತಿಳಿಯಲಿಲ್ಲ.

ಅವರು ಕೋಣೆಯ ಬಾಗಿಲ ತನಕ ನಡೆದು ಬಂದಿದ್ದರು. ಮೈ ಇಳಿದು, ಮುಖದ ಚಲನೆ ನಿಂತಂತಾಗಿ, ಕಣ್ಣು ಮಾತ್ರ ಮೊದಲಿನಂತೆ ಚುರುಕಾಗಿತ್ತು. ನನ್ನನ್ನು ನೋಡಿ ಬಾರವಾ ಎಂದರು, ಬಹಳ ಮೆಲ್ಲಗೆ. ಆದರೆ ಹೊಸ್ತಿಲ ಹತ್ತಿರ ಬಂದವರು ಅಲ್ಲೇ ನಿಂತುಬಿಟ್ಟರು. ಪಾದಗಳು ನೆಲಕ್ಕೆ ಅಂಟಿಕೊಂಡಂತೆ. ಅವರು ಮುಂದೆ ಬರಲು ಯತ್ನಿಸುತ್ತಿದ್ದುದು ಭುಜದಲ್ಲಿ ಕಾಣುತ್ತಿತ್ತು, ಕಾಲಿಗೆ ಆ ಸುದ್ದಿ ಮುಟ್ಟುತ್ತಿರಲಿಲ್ಲ. ನಾನು ಕೈಹಿಡಿಯಲು ಹೋದೆ. ಅನು ಬೇಡ ಎಂದು ಸನ್ನೆ ಮಾಡಿ, ಅಪ್ಪನ ಎದುರು ನಿಂತು, ಹಿಮ್ಮಡಿಯಿಂದ ನೆಲವನ್ನು ತಟ್ಟತೊಡಗಿದಳು. ತಾಳ ತಪ್ಪದೆ, ಅವಸರವಿಲ್ಲದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಅವರ ಬಲಗಾಲಿನ ಹೆಬ್ಬೆರಳು ಅಲುಗಿತು. ಮರುತಾಳಕ್ಕೆ ಕಾಲು ಎದ್ದಿತು. ಅವರು ಹೊಸ್ತಿಲು ದಾಟಿದರು.

ದಾಟಿದವರು ಅಲ್ಲಿಗೆ ನಿಲ್ಲಲಿಲ್ಲ. ಸಣ್ಣ ಸಣ್ಣ ಹೆಜ್ಜೆ ಇಡುತ್ತ, ಒಂದಕ್ಕಿಂತ ಒಂದು ಬೇಗ, ನಡುಮನೆ ದಾಟಿ ಅಡುಗೆಮನೆಗೆ ಬಂದರು. ಶುರುವಾದರೆ ನಿಲ್ಲಿಸಲು ಬರುವುದಿಲ್ಲ, ಅದೂ ಈ ಕಾಯಿಲೆಯೇ ಎಂದು ಅನು ಹಿಂದಕ್ಕೆ ಹೆಜ್ಜೆ ಇಡುತ್ತಲೇ ನನಗೆ ಹೇಳಿದಳು. ಅವಳು ಅಪ್ಪನ ಎರಡೂ ಮುಂಗೈ ಹಿಡಿದು, ಹಿಮ್ಮುಖವಾಗಿ ನಡೆಯುತ್ತ, ತಟ್ಟುತ್ತ ದಾರಿ ಮಾಡಿಕೊಡುತ್ತಿದ್ದಳು. ಊಟದ ಮೇಜನ್ನು ಸುತ್ತಿದರು. ಮತ್ತೆ ನಡುಮನೆಗೆ ಬಂದರು.

"ಅಪ್ಪಾ, ಸಾಕು. ಸ್ಟಾಪ್ ಮಾಡು."

"ಹೆಂಗ ನಿಂದರ್ಲಿ ಹೇಳವಾ" ಎಂದರು ಅವರು. ಅಲುಗದ ಆ ಮುಖದಲ್ಲಿ ನಗು ಕಾಣಲಿಲ್ಲ, ಧ್ವನಿಯಲ್ಲಿ ಕೇಳಿಸಿತು. ಅನುವಿಗೂ ಕೇಳಿಸಿರಬೇಕು. ಅವಳು ತಟ್ಟುವುದನ್ನು ನಿಧಾನ ಮಾಡುವ ಬದಲು ಇನ್ನೊಂದು ಸುತ್ತಿಗೆ ದಾರಿ ಬಿಟ್ಟಳು. ಬಿದ್ದರೆ ಹಿಡಿಯಬೇಕೆಂದು ನಾನು ಎರಡೂ ಕೈ ಚಾಚಿಕೊಂಡು ಅವರ ಬೆನ್ನ ಹಿಂದೆ ಹೋದೆ.